ಟಿವಿ ಕಪಾಟಿಗೂ ಗಾಳಿ ಬೇಕು: ರಜೆಗೆ ಊರಿಗೆ ಹೊರಡುವ ಮುನ್ನ ಗಮನಿಸಿ

ಗಲ್ಫ್‌ನ ಫ್ಲ್ಯಾಟ್‌ಗಳಲ್ಲಿ ಟಿವಿ ಕೆಳಗಿನ ಕಪಾಟಿನೊಳಗೆ ರೌಟರ್, ಸೆಟ್‌ಟಾಪ್ ಬಾಕ್ಸ್, ಕ್ಯಾಮೆರಾ ರೆಕಾರ್ಡರ್, ಮಕ್ಕಳ ಗೇಮ್ ಕನ್ಸೋಲ್ ಎಲ್ಲವನ್ನೂ ತುಂಬಿ ಬಾಗಿಲು ಮುಚ್ಚಿಬಿಡುವುದು ಸಾಮಾನ್ಯ. ನೋಡಲು ಚಂದ, ಧೂಳೂ ಕಡಿಮೆ. ಆದರೆ ಊರಿಗೆ ಮಾಡಿದ ವಿಡಿಯೋ ಕಾಲ್ ಪದೇ ಪದೇ ಕಟ್ ಆಗುತ್ತಿದ್ದರೆ, ಇಂಟರ್ನೆಟ್ ಕಂಪೆನಿಗೆ ದೂರು ಕೊಡುವ ಮೊದಲು ಆ ಕಪಾಟಿನೊಳಗೆ ಒಮ್ಮೆ ಕೈ ಇಟ್ಟು ನೋಡಿ.

ಈ ಉಪಕರಣಗಳು ಬಳಸುವ ವಿದ್ಯುತ್ ಹೆಚ್ಚುಕಡಿಮೆ ಪೂರ್ತಿ ಶಾಖವಾಗಿಯೇ ಹೊರಬರುತ್ತದೆ. ರೌಟರ್‌ನದ್ದು ಸುಮಾರು 10 ವ್ಯಾಟ್ ಇರಬಹುದು. ದೊಡ್ಡ ಗೇಮ್ ಕನ್ಸೋಲ್ ಆಟದ ಹೊತ್ತಿಗೆ 200 ವ್ಯಾಟ್ ಹತ್ತಿರ ಹೋಗುತ್ತದೆ. ಮನೆಬಳಕೆಯ ಹೆಚ್ಚಿನ ರೌಟರ್‌ಗಳು ಸುತ್ತಲಿನ ಗಾಳಿ 40 ಡಿಗ್ರಿ ದಾಟಬಾರದೆಂದೇ ತಯಾರಾದವು.

ಊರಿನ ಹಳೇ ಅಡುಗೆಮನೆಯಲ್ಲಿ ಹೊಗೆ ಮೇಲಿನ ಗವಾಕ್ಷಿಯಿಂದ ಹೋಗುತ್ತಿತ್ತಲ್ಲ, ಇಲ್ಲಿಯೂ ಅದೇ ಲೆಕ್ಕ. ಬಿಸಿಗಾಳಿ ಮೇಲೇರುತ್ತದೆ. ಹಾಗಾಗಿ ಹಿಂಬದಿ ಹಲಗೆಯಲ್ಲಿ ಮೇಲ್ಗಡೆ ಒಂದು ತೂತು, ತಂಪುಗಾಳಿ ಒಳಬರಲು ಕೆಳಗಡೆ ಅಷ್ಟೇ ದೊಡ್ಡ ಇನ್ನೊಂದು ತೂತು ಬೇಕು. ಒಂದೇ ಇದ್ದರೆ ಗಾಳಿ ಆಡೋದಿಲ್ಲ. ಕಪಾಟು ಗೋಡೆಗೆ ಅಂಟಿಕೊಂಡಿದ್ದರೂ ಪ್ರಯೋಜನವಿಲ್ಲ. 5 ಸೆಂಟಿಮೀಟರ್ ಆದರೂ ಜಾಗ ಬಿಡಿ. ಒಂದರ ಮೇಲೊಂದು ಪೇರಿಸಬೇಡಿ.

ಕನ್ಸೋಲ್ ಇದ್ದರೆ ಮೇಲಿನ ತೂತಿಗೆ ಬಿಸಿಗಾಳಿ ಹೊರಹಾಕುವಂತೆ ಸಣ್ಣ ಯುಎಸ್‌ಬಿ ಫ್ಯಾನ್ ಕೂರಿಸಬಹುದು. ಕಪಾಟು ಬಾಡಿಗೆ ಮನೆಯದ್ದಾದರೆ ಕೇಳದೆ ತೂತು ಕೊರೆಯಬೇಡಿ, ಡೆಪಾಸಿಟ್‌ನಲ್ಲಿ ಕಡಿತವಾದೀತು. ಬಾಗಿಲು ತೆರೆದಿಡುವುದು, ಇಲ್ಲವೇ ರೌಟರನ್ನು ಕಪಾಟಿನ ಮೇಲಿಡುವುದು ಖರ್ಚಿಲ್ಲದ ದಾರಿ. ವೈಫೈ ಸಿಗ್ನಲ್ ಕೂಡ ಸುಧಾರಿಸುತ್ತದೆ.

ನಿಜವಾದ ಪರೀಕ್ಷೆ ಜುಲೈ–ಆಗಸ್ಟ್ ರಜೆಯಲ್ಲಿ. ಎಸಿ ಆಫ್ ಮಾಡಿ ಬೀಗ ಹಾಕಿ ಹೊರಟ ಮೇಲೆ, ಹೊರಗೆ 45 ಡಿಗ್ರಿ ಇರುವಾಗ ಕೋಣೆಯೇ ಕಾಯುತ್ತದೆ. ಫ್ಯಾನ್ ಇದ್ದರೂ ಕಪಾಟು ಕೋಣೆಗಿಂತ ತಂಪಾಗದು. ಕಾವಲಿಗೆಂದು ಆನ್ ಇಟ್ಟ ಕ್ಯಾಮೆರಾ, ಮನೆಯಲ್ಲಿ ಯಾರೂ ಇಲ್ಲದ ಹೊತ್ತಲ್ಲೇ ಕೈಕೊಡಬಹುದು. ಬಿಗಿಯಾಗಿ ತುಂಬಿದ ಎಕ್ಸ್‌ಟೆನ್ಶನ್ ಬಾಕ್ಸ್ ಕಾದು ಬೆಂಕಿಗೂ ದಾರಿಯಾದೀತು.

ಹೊರಡುವ ಮುನ್ನ ಬೇಡದ ಪ್ಲಗ್‌ಗಳನ್ನೆಲ್ಲ ಕಿತ್ತಿಡಿ. ರೌಟರ್, ಕ್ಯಾಮೆರಾ ರೆಕಾರ್ಡರ್ ಬೇಕೇ ಬೇಕೆಂದರೆ ಕಪಾಟಿನಿಂದ ಹೊರತೆಗೆದು, ಪರದೆಗಳಿಂದ ದೂರ, ಬಿಸಿಲು ಬೀಳದ ತೆರೆದ ಜಾಗದಲ್ಲಿಟ್ಟು ನೇರ ಗೋಡೆಯ ಸಾಕೆಟ್‌ಗೇ ಹಾಕಿ.