ಗೋಡೆಯ ಮೇಲಿನ ಪೆಟ್ಟಿಗೆ

ಬಿಹಾರದ ನಳಂದಾ ಜಿಲ್ಲೆಯ ಕೆಲವು ಸರ್ಕಾರಿ ಪ್ರೌಢಶಾಲೆಗಳಲ್ಲಿ ಸುಮಾರು ಹತ್ತು ವರ್ಷಗಳ ಹಿಂದೆ ಒಂದೊಂದು ಪೆಟ್ಟಿಗೆ ಇಟ್ಟರು. ದೂರು, ಭಯ, ಸಂಕಟ, ಏನಿದ್ದರೂ ಮಕ್ಕಳು ಚೀಟಿಯಲ್ಲಿ ಬರೆದು ಅದರೊಳಗೆ ಹಾಕಬಹುದಿತ್ತು. ಹೆಸರು ಬರೆಯಲೇಬೇಕೆಂದೇನೂ ಇರಲಿಲ್ಲ. ಆ ಚೀಟಿಗಳನ್ನು ಓದಿ ಮುಂದಿನ ಕೆಲಸ ನೋಡಿಕೊಳ್ಳಲು ಶಾಲೆಗೊಬ್ಬರು ‘ಸೆಹರ್ ಮಿತ್ರ’ ಇದ್ದರು. ಸೆಹರ್ ಎಂದರೆ ಬೆಳಗಿನ ಜಾವ.

ಗೋವಾದ ‘ಸಂಗಾತ್’ ಸಂಸ್ಥೆ ನಡೆಸಿದ ಈ ಪ್ರಯೋಗದಲ್ಲಿ 74 ಶಾಲೆಗಳಿದ್ದವು. ಒಂಬತ್ತನೇ ತರಗತಿಯ ಹದಿಮೂರು ಸಾವಿರಕ್ಕೂ ಹೆಚ್ಚು ಮಕ್ಕಳು ಪ್ರಶ್ನಾವಳಿಗೆ ಉತ್ತರಿಸಿದರು. ಯಾವ ಶಾಲೆಗೆ ಏನು ಎಂಬುದು ಚೀಟಿ ಎತ್ತಿದಂತೆ ನಿರ್ಧಾರವಾಯಿತು. ಮೂರರಲ್ಲೊಂದು ಪಾಲು ಶಾಲೆಗಳಿಗೆ ಹೊರಗಿನಿಂದ ಒಬ್ಬ ಯುವಕ ಅಥವಾ ಯುವತಿ ‘ಮಿತ್ರ’ನಾಗಿ ಬಂದರು. ಇವರು ಮನೋವೈದ್ಯರಲ್ಲ. ತರಬೇತಿ ಪಡೆದ ಸಾಮಾನ್ಯ ಜನ. ಇನ್ನೊಂದು ಪಾಲು ಶಾಲೆಗಳಲ್ಲಿ ಇದೇ ಕೆಲಸವನ್ನು ಅಲ್ಲಿನ ಶಿಕ್ಷಕರೊಬ್ಬರಿಗೆ ವಹಿಸಲಾಯಿತು. ಉಳಿದ ಶಾಲೆಗಳಲ್ಲಿ ಎಂದಿನ ಸರ್ಕಾರಿ ಪಾಠ ಮಾತ್ರ. ಮಿತ್ರರು ಪ್ರಾರ್ಥನೆಯ ಹೊತ್ತಿನಲ್ಲಿ ಮಾತಾಡಿದರು, ಗೋಡೆ ಪತ್ರಿಕೆ ಹೊರಡಿಸಿದರು, ಮಕ್ಕಳ ಗುಂಪು ಕಟ್ಟಿದರು, ಬೇಕೆಂದವರ ಜೊತೆ ಒಬ್ಬೊಬ್ಬರಾಗಿ ಕೂತು ಕೇಳಿಸಿಕೊಂಡರು.

ಒಂದು ಶಾಲಾ ವರ್ಷ ಕಳೆಯಿತು. ಹೊರಗಿನ ಮಿತ್ರರಿದ್ದ ಶಾಲೆಗಳಲ್ಲಿ ಮಕ್ಕಳಿಗೆ ಶಾಲೆ ಹಿಂದಿಗಿಂತ ಹಿತವಾದ ಜಾಗ ಅನ್ನಿಸಿತ್ತು. ಖಿನ್ನತೆಯ ಲಕ್ಷಣಗಳು ಕಡಿಮೆಯಾಗಿದ್ದವು, ಕಿರುಕುಳವೂ ಹೊಡೆದಾಟವೂ ತಗ್ಗಿದ್ದವು. ಶಿಕ್ಷಕರೇ ಮಿತ್ರರಾಗಿದ್ದ ಶಾಲೆಗಳಲ್ಲಿ ಮಾತ್ರ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. 2018ರಲ್ಲಿ ‘ದಿ ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆ ಇದನ್ನು ಪ್ರಕಟಿಸಿತು. ಎರಡನೇ ವರ್ಷ ಮುಗಿದ ಮೇಲೆ ನೋಡಿದರೆ ಈ ಅಂತರ ಇನ್ನೂ ಹಿಗ್ಗಿತ್ತು.

ಇದಕ್ಕೆ ಶಿಕ್ಷಕರನ್ನು ದೂರುವುದು ಅನ್ಯಾಯ. ಪಾಠ, ಪರೀಕ್ಷೆ, ಗಣತಿ, ಬಿಸಿಯೂಟದ ಲೆಕ್ಕ ಎಲ್ಲವನ್ನೂ ಹೊತ್ತವರ ತಲೆಯ ಮೇಲೆ ಇನ್ನೊಂದು ಹೊರೆ ಇಟ್ಟರೆ ಅದು ಜಾರಿ ಬೀಳುವುದು ಸಹಜ. ಮಗುವಿನ ಕಡೆಯಿಂದಲೂ ನೋಡಬೇಕು. ಅಂಕ ಕೊಡುವವರ, ಹಾಜರಿ ಹಾಕುವವರ, ಅಪ್ಪನನ್ನು ಶಾಲೆಗೆ ಕರೆಸಬಲ್ಲವರ ಮುಂದೆ ‘ನನಗೆ ರಾತ್ರಿ ನಿದ್ದೆ ಬರುತ್ತಿಲ್ಲ’ ಎಂದು ಹೇಳಿಕೊಳ್ಳಲು ಎಷ್ಟು ಧೈರ್ಯ ಬೇಕು?

ಇಲ್ಲಿ ಹೇಳುತ್ತಿರುವುದು ತೀವ್ರ ಕಾಯಿಲೆಯ ಮಾತಲ್ಲ. ಮಗು ಶಾಲೆಗೆ ಹೋಗುತ್ತದೆ, ಊಟ ಮಾಡುತ್ತದೆ, ಕೇಳಿದ್ದಕ್ಕೆ ಉತ್ತರವನ್ನೂ ಕೊಡುತ್ತದೆ. ಆದರೆ ವಾರಗಟ್ಟಲೆ ಮುಖ ಸಪ್ಪಗಿರುತ್ತದೆ. ಪರೀಕ್ಷೆಯ ಹಿಂದಿನ ದಿನ ಹೊಟ್ಟೆ ನೋವು. ಆಟಕ್ಕೆ ಕರೆದರೆ ಒಲ್ಲೆ. ಚಿಕ್ಕ ಮಾತಿಗೂ ಸಿಡುಕು. ಈ ಹಂತದಲ್ಲಿ ಹೆಚ್ಚಿನ ಮನೆಗಳಲ್ಲಿ ಕೇಳಿಬರುವುದು ‘ವಯಸ್ಸು, ತಾನಾಗೇ ಸರಿಹೋಗುತ್ತೆ ಬಿಡು’ ಎಂಬ ಮಾತು. ಕೆಲವರಿಗೆ ಸರಿಹೋಗುವುದೂ ಉಂಟು. ಆದರೆ ಅಮೆರಿಕದ ರೊನಾಲ್ಡ್ ಕೆಸ್ಲರ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಲೆಕ್ಕ ಬೇರೆಯದನ್ನೇ ಹೇಳುತ್ತದೆ: ಜೀವನದಲ್ಲಿ ಎಂದಾದರೂ ಕಾಡುವ ಮನೋವ್ಯಾಧಿಗಳಲ್ಲಿ ಅರ್ಧದಷ್ಟು 14ನೇ ವಯಸ್ಸಿನೊಳಗೆ, ಮುಕ್ಕಾಲು ಪಾಲು 24ರೊಳಗೆ ತಲೆದೋರಿರುತ್ತವೆ. ಬೆಂಗಳೂರಿನ ನಿಮ್ಹಾನ್ಸ್ ಮುನ್ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರಲ್ಲಿ ಶೇ. 7.3 ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಲಕ್ಷ ಜನಕ್ಕೆ ಒಬ್ಬ ಮನೋವೈದ್ಯರೂ ಸಿಗದ ದೇಶ ನಮ್ಮದು. ಎಲ್ಲರನ್ನೂ ಆಸ್ಪತ್ರೆಗೆ ಕಳಿಸಲಾಗದು, ಕಳಿಸಬೇಕಾಗಿಯೂ ಇಲ್ಲ.

ಸಣ್ಣ ತೊಂದರೆ ದೊಡ್ಡದಾಗುವ ಬಗೆ ಹೇಗೆ? ಎಂಟನೇ ತರಗತಿಯ ಹುಡುಗಿಯೊಬ್ಬಳನ್ನು ಊಹಿಸಿಕೊಳ್ಳೋಣ. ಒಮ್ಮೆ ತರಗತಿಯಲ್ಲಿ ಎದ್ದು ನಿಂತು ಓದುವಾಗ ತೊದಲಿದಳು, ಎಲ್ಲರೂ ನಕ್ಕರು. ಮರುವಾರ ಅದೇ ಪೀರಿಯಡ್ ಬಂದಾಗ ಎದೆ ಡವಗುಟ್ಟಿತು, ಅಂಗೈ ಬೆವೆತಿತು. ತಲೆನೋವೆಂದು ಹೇಳಿ ಮನೆಯಲ್ಲೇ ಉಳಿದಳು. ತಕ್ಷಣ ಎದೆ ಹಗುರವಾಯಿತು. ಅಪಾಯ ಬರುವುದೇ ಈ ಹಗುರದಿಂದ. ‘ತಪ್ಪಿಸಿಕೊಂಡಿದ್ದಕ್ಕೇ ಬಚಾವಾದೆ’ ಎಂದು ಮಿದುಳು ಪಾಠ ಕಲಿಯುತ್ತದೆ. ಓದಿದರೆ ಏನೂ ಆಗುವುದಿಲ್ಲ ಎಂದು ಕಂಡುಕೊಳ್ಳುವ ಅವಕಾಶ ಅದಕ್ಕೆ ಸಿಗುವುದೇ ಇಲ್ಲ. ಹೀಗೆ ಪ್ರತಿ ಸಲ ತಪ್ಪಿಸಿಕೊಂಡಾಗಲೂ ಭಯ ಒಂದು ಸುತ್ತು ಬಲಿಯುತ್ತದೆ. ‘ಧೈರ್ಯ ತಗೋ’ ಎಂಬ ಉಪದೇಶ ಇಲ್ಲಿ ನಾಟುವುದಿಲ್ಲ. ಮೊದಲು ಒಬ್ಬಳೇ ಗೆಳತಿಯ ಮುಂದೆ ಎರಡು ಸಾಲು, ಆಮೇಲೆ ನಾಲ್ವರ ಮುಂದೆ ಒಂದು ಪ್ಯಾರಾ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಭಯದ ಎದುರು ನಿಲ್ಲಿಸುವುದು ನಾಟುತ್ತದೆ. ಮೆಟ್ಟಿಲುಗಳನ್ನು ಯೋಜಿಸುವವಳು ಆ ಹುಡುಗಿಯೇ ಆಗಿರಬೇಕು.

ದೆಹಲಿಯ ಸರ್ಕಾರಿ ಶಾಲೆಗಳಲ್ಲಿ ಸಂಗಾತ್ ತಂಡವೇ ನಡೆಸಿದ ‘ಪ್ರೈಡ್’ ಯೋಜನೆ ಈ ಕೊನೆಯ ಅಂಶವನ್ನೇ ಬುಡಕ್ಕೆ ಇಟ್ಟುಕೊಂಡಿತು. ಅಲ್ಲಿನ ಹದಿಹರೆಯದವರ ಬಾಯಲ್ಲಿ ಖಿನ್ನತೆ, ಆತಂಕ ಎಂಬ ಪದಗಳಿಗಿಂತ ಹೆಚ್ಚಾಗಿ ಬರುತ್ತಿದ್ದದ್ದು ‘ಟೆನ್ಶನ್’. ನಮ್ಮ ಮಕ್ಕಳ ಬಾಯಲ್ಲೂ ಅದೇ. ತಂಡ ಕಾಯಿಲೆಯ ಹೆಸರು ಹಚ್ಚುವ ಗೋಜಿಗೆ ಹೋಗದೆ ಟೆನ್ಶನ್ ಎಲ್ಲಿಂದ ಹುಟ್ಟಿತು ಎಂದು ಕೇಳಿತು. ಓದು, ಗೆಳೆತನದ ಜಗಳ, ಮನೆಯ ಗಲಾಟೆ. ಹಿಡಿದ ದಾರಿಯಲ್ಲಿ ಮೂರೇ ಹೆಜ್ಜೆ: ಸಮಸ್ಯೆ ಯಾವುದೆಂದು ಗುರುತಿಸು, ಇರುವ ದಾರಿಗಳನ್ನೆಲ್ಲ ಬರೆ, ಒಂದನ್ನು ಆರಿಸಿ ಮಾಡಿ ನೋಡು. ಸಮಸ್ಯೆ ಬಿಡಿಸುವುದನ್ನೇ ಚಿಕಿತ್ಸೆಯಾಗಿಸುವ ಈ ವಿಚಾರವನ್ನು 1971ರಲ್ಲಿ ಡಿಜುರಿಲ್ಲಾ ಮತ್ತು ಗೋಲ್ಡ್‌ಫ್ರೈಡ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಮುಂದಿಟ್ಟಿದ್ದರು.

ಒಟ್ಟು 251 ವಿದ್ಯಾರ್ಥಿಗಳಿಗೆ ಚಿತ್ರಕಥೆಯ ಪುಸ್ತಿಕೆಗಳು ಸಿಕ್ಕವು. ಅರ್ಧದಷ್ಟು ಮಂದಿಗೆ ಜೊತೆಯಲ್ಲಿ ಒಬ್ಬ ಆಪ್ತಸಮಾಲೋಚಕರೂ ಸಿಕ್ಕರು: ಮೂರು ವಾರಗಳಲ್ಲಿ ನಾಲ್ಕೈದು ಭೇಟಿ, ಒಂದೊಂದು ಅರ್ಧ ಗಂಟೆಯೊಳಗೆ. ಮಕ್ಕಳು ತಮ್ಮನ್ನು ಹೆಚ್ಚು ಕಾಡುವ ಸಂಗತಿಗಳನ್ನು ತಾವೇ ಹೆಸರಿಸಿ, ಪ್ರತಿಯೊಂದಕ್ಕೂ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಟ್ಟರು. ಆರು ವಾರಗಳ ಹೊತ್ತಿಗೆ, ಜೊತೆಗೊಬ್ಬರು ಕೂತು ಮಾತಾಡಿದ್ದ ಮಕ್ಕಳಲ್ಲಿ ಆ ಅಂಕ ಹೆಚ್ಚು ಇಳಿದಿತ್ತು. ಲಾಭ ದೊಡ್ಡದೇನಲ್ಲ, ರೋಗಲಕ್ಷಣಗಳನ್ನು ಅಳೆಯುವ ಸಿದ್ಧ ಪ್ರಶ್ನಾವಳಿಯಲ್ಲಿ ಆಗ ಎರಡೂ ಗುಂಪುಗಳ ನಡುವೆ ಸ್ಪಷ್ಟ ಅಂತರವಿರಲಿಲ್ಲ. ಆದರೆ ಒಂದು ವರ್ಷದ ನಂತರವೂ ಆ ಸಣ್ಣ ಲಾಭ ಉಳಿದುಕೊಂಡಿತ್ತು. ಎರಡು ಗಂಟೆಯ ಮಾತುಕತೆ ಒಂದು ವರ್ಷ ಬಾಳಿತೆಂದರೆ ಅದನ್ನು ಚಿಕ್ಕದೆಂದು ತಳ್ಳಿಹಾಕಲು ಮನಸ್ಸಾಗುವುದಿಲ್ಲ.

ಒಳ್ಳೆಯ ಉದ್ದೇಶದಿಂದ ಮಾಡಿದ್ದೆಲ್ಲ ಫಲಿಸುವುದೂ ಇಲ್ಲ. ಬ್ರಿಟನ್ನಿನಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಶಾಲಾಮಕ್ಕಳ ಮೇಲೆ ‘ಮಿರಿಯಡ್’ ಎಂಬ ದೊಡ್ಡ ಪ್ರಯೋಗ ನಡೆಯಿತು. ಇಡೀ ತರಗತಿಗೆ ಧ್ಯಾನದಂಥ ಸಾವಧಾನದ ಅಭ್ಯಾಸವನ್ನು ಶಿಕ್ಷಕರಿಂದ ಕಲಿಸಿದರು. 2022ರಲ್ಲಿ ಫಲಿತಾಂಶ ಹೊರಬಿದ್ದಾಗ ಎಂದಿನ ಪಾಠಕ್ಕಿಂತ ಅದು ಹೆಚ್ಚೇನೂ ನೆರವಾಗಿರಲಿಲ್ಲ. ಮನೆಯಲ್ಲಿ ಅಭ್ಯಾಸ ಮಾಡಿದ ಮಕ್ಕಳೇ ವಿರಳ. ಎಲ್ಲರಿಗೂ ಒಂದೇ ಕಷಾಯ ಹಂಚುವುದಕ್ಕಿಂತ, ನೆರವು ಬೇಕೆಂದು ತಾವಾಗಿ ಬರುವವರಿಗೆ ಬಾಗಿಲು ತೆರೆದಿಡುವುದು ಮೇಲು ಎಂದು ದೆಹಲಿಯ ಅನುಭವವನ್ನು ಇದರ ಪಕ್ಕದಲ್ಲಿಟ್ಟು ನೋಡಿದಾಗ ಅನ್ನಿಸುತ್ತದೆ.

ಶಿಕ್ಷಕರ ಪಾತ್ರ ಅಲ್ಲಿಗೆ ಮುಗಿಯಿತೆಂದಲ್ಲ. ನಿಮ್ಹಾನ್ಸ್ ರೂಪಿಸಿದ ಜೀವನ ಕೌಶಲ ಕಾರ್ಯಕ್ರಮವನ್ನು ಶಿಕ್ಷಕರೇ ತರಗತಿಯಲ್ಲಿ ನಡೆಸಿದರು. ಆ ಮಕ್ಕಳಲ್ಲಿ ಆತ್ಮಗೌರವ ಹೆಚ್ಚಿದ್ದನ್ನೂ ಶಿಕ್ಷಕರೊಂದಿಗೆ ಹೊಂದಾಣಿಕೆ ಸುಧಾರಿಸಿದ್ದನ್ನೂ 2010ರ ಅಧ್ಯಯನವೊಂದು ದಾಖಲಿಸಿದೆ. ಕೌಶಲ ಕಲಿಸುವುದು ಶಿಕ್ಷಕರಿಗೆ ಒಗ್ಗುವ ಕೆಲಸ. ಗುಟ್ಟು ಕೇಳಿಸಿಕೊಳ್ಳಲು ಬೇರೊಬ್ಬರು ಬೇಕು. ನಮ್ಮ ರಾಜ್ಯದ ‘ಯುವ ಸ್ಪಂದನ’ ಯೋಜನೆಯಲ್ಲಿ ನಿಮ್ಹಾನ್ಸ್ ತರಬೇತಿ ಪಡೆದ ಸ್ಥಳೀಯ ಯುವಜನರೇ ಜಿಲ್ಲೆಗಳಲ್ಲಿ ಈ ಕೆಲಸ ಮಾಡುತ್ತಿದ್ದಾರೆ. ಇಂಥವರು ಪ್ರತಿ ಪ್ರೌಢಶಾಲೆಯ ಅಂಗಳಕ್ಕೂ ಬರಬೇಕು.

ಯಾವಾಗ ಕಾಯಬಾರದು ಎಂಬುದೂ ತಿಳಿದಿರಬೇಕು. ಮಗು ಊಟ ನಿದ್ದೆ ಬಿಟ್ಟರೆ, ಶಾಲೆಯನ್ನೇ ನಿಲ್ಲಿಸಿದರೆ, ಮೈಗೆ ಗಾಯ ಮಾಡಿಕೊಂಡರೆ, ‘ನಾನಿಲ್ಲದಿದ್ದರೇ ಒಳ್ಳೇದು’ ಎಂದರೆ ಅದು ಮಿತ್ರರ ಕೈಮೀರಿದ್ದು. ಅಂದೇ ವೈದ್ಯರಲ್ಲಿಗೆ ಹೋಗಬೇಕು. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತು ಎಂಬ ಹೆದರಿಕೆ ಹಲವರಿಗಿದೆ. ಅದಕ್ಕೆ ಆಧಾರವಿಲ್ಲವೆಂದು ಅಧ್ಯಯನಗಳು ತೋರಿಸಿವೆ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಮನೆಯಲ್ಲಿ ಶುರುಮಾಡಲು ಎದುರುಬದುರು ಕೂರಿಸಿ ವಿಚಾರಣೆ ನಡೆಸಬೇಕಾಗಿಲ್ಲ. ಅವರೆಕಾಯಿ ಸುಲಿಯುತ್ತಲೋ, ಬಟ್ಟೆ ಮಡಚುತ್ತಲೋ ಪಕ್ಕದಲ್ಲಿ ಕೂತಿದ್ದಾಗ ‘ಈ ವಾರ ನಿನಗೆ ತುಂಬಾ ಟೆನ್ಶನ್ ಕೊಟ್ಟಿದ್ದು ಯಾವುದು, ಹತ್ತಕ್ಕೆ ಎಷ್ಟು?’ ಎಂದು ಕೇಳಬಹುದು. ‘ಎಂಟು’ ಎಂದು ಉತ್ತರ ಬಂದರೆ ಪರಿಹಾರ ಹೇಳುವ ಆತುರ ಬೇಡ. ಅದನ್ನು ಏಳಕ್ಕೆ ಇಳಿಸಲು ಏನು ಮಾಡಬಹುದು ಎಂದು ಮಗುವನ್ನೇ ಕೇಳಿ, ಅದು ಹೇಳಿದ್ದನ್ನು ಒಂದು ಚೀಟಿಯಲ್ಲಿ ಅದರ ಕೈಯಲ್ಲೇ ಬರೆಸಬಹುದು.