ಮೂಕಪ್ರಾಣಿಯ ಚಿಕಿತ್ಸೆಯೂ ಸಾಲದ ಕಾರ್ಡೂ

ಮನೆಯಲ್ಲಿ ಸಾಕಿದ ಪ್ರಾಣಿಗೆ ಕಾಯಿಲೆಯಾದಾಗ ಮನೆಮಂದಿಗೆ ಆಗುವ ಸಂಕಟವನ್ನು ಅನುಭವಿಸಿದವರೇ ಬಲ್ಲರು. ಮನುಷ್ಯನು ತನ್ನ ನೋವು ಇಂಥಲ್ಲಿದೆಯೆಂದು ಬಾಯಿಬಿಟ್ಟು ಹೇಳಬಲ್ಲನು. ಮೂಕಪ್ರಾಣಿಯಾದರೋ ನಮ್ಮ ಮುಖವನ್ನೇ ನೋಡುತ್ತ ಸುಮ್ಮನೆ ಮಲಗಿಬಿಡುತ್ತದೆ. ಅಂಥ ಗಳಿಗೆಯಲ್ಲಿ ಹಣದ ವಿಚಾರವನ್ನು ಎತ್ತುವುದೇ ಪಾಪವೆಂದು ತೋರುವುದು ಸಹಜ. ಆದರೆ ಹಣದ ವಿಚಾರವು ನಾವು ಎತ್ತದಿದ್ದರೂ ತಾನಾಗಿಯೇ ಏಳತಕ್ಕದ್ದು. ಆದಕಾರಣ ಅದನ್ನು ಸಮಾಧಾನದ ಕಾಲದಲ್ಲಿಯೇ ಯೋಚಿಸಿಟ್ಟುಕೊಳ್ಳುವುದು ಗೃಹಸ್ಥರಿಗೆ ಲೇಸು.

ಈ ಲೇಖನಕ್ಕೆ ಕಾರಣವಾದುದು ಒಂದು ಕಾಗದ. ನಮ್ಮ ಸ್ನೇಹಿತರೊಬ್ಬರ ಮಗನೂ ಸೊಸೆಯೂ ಅಮೆರಿಕಾದ ಸಂಯುಕ್ತ ಸಂಸ್ಥಾನಗಳಲ್ಲಿ ಸಂಸಾರ ಹೂಡಿದ್ದಾರೆ. ಅಲ್ಲಿ ಅವರಿಗೊಂದು ಪುಟ್ಟ ಮಗು. ಮಗುವಿನ ಜೊತೆಗೆ ಬೆಳೆದ ಒಂದು ನಾಯಿ. ಆ ನಾಯಿ ಒಂದು ಸಂಜೆ ಮಗುವಿನ ಕಾಲುಚೀಲವನ್ನು ನುಂಗಿಬಿಟ್ಟಿತು. ರಾತ್ರಿಯೆಲ್ಲ ವಾಂತಿ, ನೀರನ್ನು ಕೂಡ ಮುಟ್ಟದು. ರಾತ್ರಿ ಎರಡು ಗಂಟೆಗೆ ಅದನ್ನು ಎತ್ತಿಕೊಂಡು ಪಶುವೈದ್ಯಶಾಲೆಗೆ ಓಡಿದರು. ವೈದ್ಯರು ಪರೀಕ್ಷಿಸಿ, ಚೀಲವು ಕರುಳಿನಲ್ಲಿ ಸಿಕ್ಕಿಕೊಂಡಿದೆಯೆಂದೂ, ಕೂಡಲೇ ಶಸ್ತ್ರಚಿಕಿತ್ಸೆಯಾಗಬೇಕೆಂದೂ, ಅದಕ್ಕೆ 2,400 ಡಾಲರು ತಗಲುವುದೆಂದೂ ಹೇಳಿದರು. ಕೈಯಲ್ಲಿ ಅಷ್ಟು ಹಣವಿರಲಿಲ್ಲ. ಆಗ ಅಲ್ಲಿನ ಗುಮಾಸ್ತೆಯೊಬ್ಬಳು, “ಚಿಕಿತ್ಸೆಯ ಖರ್ಚಿಗೆಂದೇ ಒಂದು ಕಾರ್ಡು ಇದೆ. ಈಗಲೇ ಅರ್ಜಿ ಹಾಕಬಹುದು. ಒಂದು ವರ್ಷದೊಳಗೆ ತೀರಿಸಿದರೆ ಬಡ್ಡಿಯಿಲ್ಲ” ಎಂದಳಂತೆ. ದಂಪತಿಗಳು ಮುಖ ಮುಖ ನೋಡಿಕೊಂಡು ರುಜು ಹಾಕಿದರು. ನಾಯಿ ಬದುಕಿತು.

ಸೊಸೆಯು ಇದೆಲ್ಲವನ್ನೂ ಅತ್ತೆಗೆ ಬರೆದು ತಿಳಿಸಿದ್ದಳು. ಸ್ನೇಹಿತರು ಆ ಕಾಗದವನ್ನು ನಮಗೆ ತೋರಿಸಿ, “ನಾಯಿಗೆ ಸಾಲ ಮಾಡುವುದುಂಟೆ? ಈ ಕಾರ್ಡು ಎಂಬುದೇನು? ಹುಡುಗರು ಎಲ್ಲಿಯಾದರೂ ಸಿಕ್ಕಿಬಿದ್ದಿಲ್ಲವಷ್ಟೆ?” ಎಂದು ಕೇಳಿದರು. ಮಕ್ಕಳನ್ನು ಆ ದೇಶಕ್ಕೆ ಕಳುಹಿಸಿರುವ ಕನ್ನಡ ಮನೆತನಗಳು ಇಂದು ಅನೇಕವಿರುವುದರಿಂದ, ಅವರಿಗೆ ಹೇಳಿದ ಉತ್ತರವನ್ನೇ ವಿಸ್ತರಿಸಿ ಇಲ್ಲಿ ಬರೆಯುತ್ತಿದ್ದೇವೆ.

ನಮ್ಮ ಊರುಗಳಲ್ಲಿ ಸರ್ಕಾರದ ಪಶುವೈದ್ಯ ಆಸ್ಪತ್ರೆಗಳು ಇರುವುದರಿಂದ ಹಸು ಎಮ್ಮೆಗಳ ಚಿಕಿತ್ಸೆಗೆ ಸಾವಿರಾರು ಡಾಲರುಗಳ ಮಾತು ನಮಗೆ ವಿಚಿತ್ರವಾಗಿ ಕೇಳಿಸುತ್ತದೆ. ಅಮೆರಿಕಾದಲ್ಲಿ ಪಶುವೈದ್ಯಶಾಲೆಗಳು ಬಹುಮಟ್ಟಿಗೆ ಖಾಸಗಿಯವು. ಹಣವನ್ನು ಚಿಕಿತ್ಸೆಯ ಹೊತ್ತಿನಲ್ಲಿಯೇ ಕೊಡಬೇಕೆಂಬುದು ಸಾಮಾನ್ಯ ನಿಯಮ. ಮನುಷ್ಯರ ಆರೋಗ್ಯ ವಿಮೆಯಿಂದ ಪ್ರಾಣಿಗಳಿಗೆ ಪ್ರಯೋಜನವಿಲ್ಲ. ಎಕ್ಸ್‌ರೇ, ರಕ್ತಪರೀಕ್ಷೆ, ಅರಿವಳಿಕೆ, ಶಸ್ತ್ರಕ್ರಿಯೆ ಇವೆಲ್ಲ ಮನುಷ್ಯನಿಗೆ ಹೇಗೋ ಪ್ರಾಣಿಗೂ ಹಾಗೆಯೇ ನಡೆಯುತ್ತವೆ. ಖರ್ಚೂ ಅದಕ್ಕೆ ತಕ್ಕಂತೆ ಏರುತ್ತದೆ. ಹಣವಿಲ್ಲದವನಿಗೆ ಕೆಲವು ವೇಳೆ ಉಳಿಯುವ ದಾರಿಯೆಂದರೆ ಪ್ರಾಣಿಗೆ ನೋವಿಲ್ಲದ ಮರಣವನ್ನು ಕೊಡಿಸುವುದು. ಬದುಕಬಹುದಾದ ಪ್ರಾಣಿಯನ್ನು ಹಣದ ಅಭಾವದಿಂದಲೇ ಕಳೆದುಕೊಳ್ಳುವ ಈ ದುಃಖದ ಎದುರಿನಲ್ಲಿ ಸಾಲದ ಕಾರ್ಡು ಹುಟ್ಟಿಕೊಂಡಿದೆ ಎಂಬುದನ್ನು ಮರೆಯದೆ ಮುಂದಿನ ಮಾತುಗಳನ್ನು ಓದತಕ್ಕದ್ದು.

ಇಂಥ ಕಾರ್ಡುಗಳಲ್ಲಿ ಹೆಚ್ಚಾಗಿ ಹೆಸರಾದುದು ಕೇರ್‌ಕ್ರೆಡಿಟ್ ಎಂಬುದು. ಅದು 1987ರಲ್ಲಿ ಆರಂಭವಾಯಿತು. ಇಂದು ಅದನ್ನು ಕೊಡುವುದು ಸಿಂಕ್ರೊನಿ ಬ್ಯಾಂಕು. ಹಲ್ಲಿನ ವೈದ್ಯರು, ಕಣ್ಣಿನ ವೈದ್ಯರು, ಪಶುವೈದ್ಯರು ಮೊದಲಾಗಿ, ಅದನ್ನು ಒಪ್ಪಿಕೊಂಡಿರುವವರಲ್ಲಿ ಮಾತ್ರ ಅದು ಚಲಾವಣೆಯಾಗುತ್ತದೆ. ವ್ಯವಹಾರದ ಬಗೆ ಹೀಗಿದೆ: ಬ್ಯಾಂಕು ವೈದ್ಯನಿಗೆ ಒಂದೆರಡು ದಿನಗಳಲ್ಲಿ ಹಣವನ್ನು ಸಲ್ಲಿಸಿಬಿಡುತ್ತದೆ, ಅದರಲ್ಲಿ ಒಂದಂಶವನ್ನು ತನ್ನ ಶುಲ್ಕವೆಂದು ಹಿಡಿದುಕೊಳ್ಳುತ್ತದೆ. ಸಾಲವನ್ನು ವಸೂಲು ಮಾಡುವ ತಾಪತ್ರಯ ವೈದ್ಯನಿಗಿಲ್ಲ. ಆದಕಾರಣ ವೈದ್ಯಶಾಲೆಗಳು ಇದನ್ನು ಮನಸ್ಸಿಟ್ಟು ಶಿಫಾರಸು ಮಾಡುತ್ತವೆ. ಇದರಲ್ಲಿ ಮೋಸವೇನೂ ಇಲ್ಲ. ಆದರೆ ಸಾಲದ ಷರತ್ತುಗಳನ್ನು ನಮಗೆ ವಿವರಿಸುವವನು ಬ್ಯಾಂಕಿನವನಲ್ಲ, ವೈದ್ಯಶಾಲೆಯ ಗುಮಾಸ್ತನು ಎಂಬುದನ್ನು ಮಾತ್ರ ನೆನಪಿನಲ್ಲಿಡಬೇಕು.

ಇನ್ನು ಬಡ್ಡಿಯ ವಿಚಾರ. 200 ಡಾಲರು ಅಥವಾ ಅದಕ್ಕೆ ಮೇಲ್ಪಟ್ಟ ಖರ್ಚಿಗೆ 6, 12, 18 ಅಥವಾ 24 ತಿಂಗಳ ಅವಧಿಯನ್ನು ಕೊಟ್ಟು, “ಅವಧಿಯೊಳಗೆ ಪೂರ್ತಿ ತೀರಿಸಿದರೆ ಬಡ್ಡಿಯಿಲ್ಲ” ಎಂದು ಹೇಳುವುದು ಈ ಕಾರ್ಡಿನ ರೂಢಿ. ಕೇಳುವವರ ಕಿವಿಗೆ “ಬಡ್ಡಿಯಿಲ್ಲ” ಎಂಬುದಷ್ಟೇ ಬೀಳುತ್ತದೆ. ಆದರೆ ಇಡೀ ವಾಕ್ಯದ ಜೀವವಿರುವುದು “ಪೂರ್ತಿ ತೀರಿಸಿದರೆ” ಎಂಬ ಮಾತಿನಲ್ಲಿ. ಬಡ್ಡಿಯು ಇಲ್ಲವೆಂದಲ್ಲ, ಮೊದಲ ದಿನದಿಂದಲೂ ಅದು ಒಳಗೊಳಗೆ ಬೆಳೆಯುತ್ತಲೇ ಇರುತ್ತದೆ. ಅದನ್ನು ಲೆಕ್ಕಕ್ಕೆ ತಾರದೆ ತಡೆಹಿಡಿದಿರುತ್ತಾರೆ, ಅಷ್ಟೆ. ಅವಧಿ ಮುಗಿದ ದಿನ ಅಸಲಿನಲ್ಲಿ ಸ್ವಲ್ಪವೇ ಉಳಿದಿದ್ದರೂ, ಉಳಿದ ಸ್ವಲ್ಪಕ್ಕೆ ಮಾತ್ರವಲ್ಲದೆ, ಮೊದಲ ದಿನದಿಂದ ಬೆಳೆದುಬಂದ ಬಡ್ಡಿಯೆಲ್ಲವೂ ಒಮ್ಮೆಗೇ ತಲೆಯ ಮೇಲೆ ಬೀಳುತ್ತದೆ.

ಇದನ್ನು ಲೆಕ್ಕದ ಮೂಲಕ ನೋಡೋಣ. ಸಾಲ 2,400 ಡಾಲರು, ಅವಧಿ 12 ತಿಂಗಳು. ತಿಂಗಳಿಗೆ 200ರಂತೆ ಕೊಟ್ಟರೆ ವರ್ಷದ ಕೊನೆಗೆ ಸಾಲವು ತೀರಿ, ಬಡ್ಡಿಯು ಒಂದು ಕಾಸೂ ಇಲ್ಲ. ಇನ್ನೊಬ್ಬನು ತಿಂಗಳಿಗೆ 190ರಂತೆ ಕೊಡುತ್ತಾನೆಂದಿಟ್ಟುಕೊಳ್ಳಿ. ವರ್ಷದ ಕೊನೆಗೆ ಅವನು ಕೊಟ್ಟುದು 2,280, ಉಳಿದುದು 120. ಬಡ್ಡಿಯ ದರವು ವರ್ಷಕ್ಕೆ ನೂರಕ್ಕೆ 27ರಷ್ಟಾದರೆ, ಪ್ರತಿ ತಿಂಗಳೂ ಉಳಿದಿದ್ದ ಅಸಲಿನ ಮೇಲೆ ಬೆಳೆದ ಬಡ್ಡಿಯು ಒಟ್ಟು ಸುಮಾರು 365 ಡಾಲರು. ಬಡ್ಡಿಯ ಮೇಲೆ ಬಡ್ಡಿ ಸೇರಿದರೆ ಇನ್ನೂ ಹೆಚ್ಚು. ತಿಂಗಳಿಗೆ ಹತ್ತು ಡಾಲರು ಕಡಿಮೆ ಕೊಟ್ಟುದಕ್ಕೆ, 120 ಇದ್ದ ಬಾಕಿಯು ಒಂದೇ ದಿನದಲ್ಲಿ 485ನ್ನು ಮುಟ್ಟುತ್ತದೆ.

ಈ ದರವು ನಮ್ಮ ಕಲ್ಪನೆಯಲ್ಲ. ಅಮೆರಿಕಾ ಸರ್ಕಾರದ ಗ್ರಾಹಕ ಹಣಕಾಸು ರಕ್ಷಣಾ ಸಂಸ್ಥೆಯು 2023ರ ಮೇ ತಿಂಗಳಲ್ಲಿ ಪ್ರಕಟಿಸಿದ ವರದಿಯು, ವೈದ್ಯಕೀಯ ಕಾರ್ಡುಗಳ ಸಾಮಾನ್ಯ ಬಡ್ಡಿ ದರ ನೂರಕ್ಕೆ 26.99 ಎಂದೂ, ಇತರ ಸಾಧಾರಣ ಕ್ರೆಡಿಟ್ ಕಾರ್ಡುಗಳ ಸರಾಸರಿ ದರ ಸುಮಾರು 16 ಎಂದೂ ತಿಳಿಸಿತು. 2018ರಿಂದ 2020ರವರೆಗಿನ ಮೂರು ವರ್ಷಗಳಲ್ಲಿ ಜನರು ಹೀಗೆ ತಡೆಹಿಡಿದ ಬಡ್ಡಿಯೆಂದು ತೆತ್ತುದು ನೂರು ಕೋಟಿ ಡಾಲರು! ಇದಕ್ಕೂ ಹಿಂದೆ, 2013ರ ಡಿಸೆಂಬರಿನಲ್ಲಿ, ಅದೇ ಸಂಸ್ಥೆಯು ಕೇರ್‌ಕ್ರೆಡಿಟ್‌ಗೂ ಆಗ ಅದರ ಒಡೆತನವಿದ್ದ ಜಿ.ಇ. ಕ್ಯಾಪಿಟಲ್ ರೀಟೇಲ್ ಬ್ಯಾಂಕಿಗೂ ಆಜ್ಞೆಮಾಡಿ, ಷರತ್ತುಗಳನ್ನು ಸರಿಯಾಗಿ ತಿಳಿಸದೆ ಕಾರ್ಡು ಕೊಟ್ಟಿದ್ದ ಗ್ರಾಹಕರಿಗೆ 3 ಕೋಟಿ 41 ಲಕ್ಷ ಡಾಲರುಗಳವರೆಗೆ ಹಿಂದಿರುಗಿಸುವಂತೆ ಮಾಡಿತು. ಬಡ್ಡಿಯೇ ಇಲ್ಲವೆಂದು ನಂಬಿ ರುಜು ಹಾಕಿದವರು ಬಹುಮಂದಿ ಇದ್ದರೆಂಬುದು ಇದರಿಂದ ವ್ಯಕ್ತವಾಗುತ್ತದೆ. ಆ ಬ್ಯಾಂಕೇ 2014ರಲ್ಲಿ ಸಿಂಕ್ರೊನಿ ಎಂಬ ಹೊಸ ಹೆಸರನ್ನು ತಳೆಯಿತು.

ಹಾಗಾದರೆ ಈ ಕಾರ್ಡನ್ನು ಮುಟ್ಟಲೇಬಾರದೆ? ನಾವು ಹಾಗೆ ಹೇಳಲಾರೆವು. ಕತ್ತಿಯು ಅಡಿಗೆಮನೆಯಲ್ಲಿ ಬೇಕಾದ ವಸ್ತುವೇ. ಹಿಡಿ ಯಾವುದು, ಅಲಗು ಯಾವುದು ಎಂಬುದನ್ನು ತಿಳಿದಿರಬೇಕು. ಕ್ರಮವಾದ ಸಂಬಳವಿದ್ದು ಲೆಕ್ಕವನ್ನು ಶಿಸ್ತಾಗಿ ಇಡಬಲ್ಲವನಿಗೆ, ಬಡ್ಡಿಯಿಲ್ಲದೆ ಒಂದು ವರ್ಷ ಹಣವು ದೊರೆಯುವುದು ದೊಡ್ಡ ಉಪಕಾರವೇ ಸರಿ. ಅಂಥವರು ಅನುಸರಿಸತಕ್ಕ ಕೆಲವು ನಿಯಮಗಳನ್ನು ಹೇಳುತ್ತೇವೆ.

ಮೊದಲನೆಯದಾಗಿ, ಸಾಲದ ಮೊತ್ತವನ್ನು ಅವಧಿಯ ತಿಂಗಳುಗಳಿಂದಲ್ಲ, ಅದಕ್ಕಿಂತ ಒಂದು ಕಡಿಮೆ ಸಂಖ್ಯೆಯಿಂದ ಭಾಗಿಸಿ, ಬಂದಷ್ಟನ್ನು ತಿಂಗಳು ತಿಂಗಳೂ ಕಟ್ಟಬೇಕು. ಹೀಗೆ ಮಾಡಿದರೆ ಒಂದು ತಿಂಗಳು ಕೈಯಲ್ಲಿ ಉಳಿಯುತ್ತದೆ. ಎರಡನೆಯದಾಗಿ, ಬ್ಯಾಂಕಿನ ಬಿಲ್ಲಿನಲ್ಲಿ “ಕನಿಷ್ಠ ಕಂತು” ಎಂದು ತೋರಿಸಿರುವ ಮೊಬಲಗನ್ನು ನಂಬಬಾರದು. ಅಷ್ಟನ್ನೇ ಕಟ್ಟುತ್ತ ಹೋದರೆ ಸಾಲವು ಅವಧಿಯೊಳಗೆ ತೀರದೆ ಹೋಗಬಹುದು. ಮೂರನೆಯದಾಗಿ, ಅವಧಿ ಮುಗಿಯುವ ದಿನವೂ ತಿಂಗಳ ಕಂತಿನ ದಿನವೂ ಬೇರೆ ಬೇರೆ ಇರಬಹುದು. ಮೊದಲನೆಯದನ್ನು ಪಂಚಾಂಗದ ಪಕ್ಕದಲ್ಲಿಯೇ ಬರೆದು ತೂಗುಹಾಕುವುದು ಒಳ್ಳೆಯದು. ನಾಲ್ಕನೆಯದಾಗಿ, ಬೇಗ ತೀರಿಸಲಾಗದಷ್ಟು ದೊಡ್ಡ ಮೊತ್ತವಾದರೆ, ಕಡಿಮೆ ದರದ ಬಡ್ಡಿಯನ್ನು ಮೊದಲಿನಿಂದಲೇ ಸೇರಿಸಿ ನಿಶ್ಚಿತವಾದ ಕಂತುಗಳನ್ನು ಗೊತ್ತುಮಾಡುವ ದೀರ್ಘಾವಧಿಯ ಏರ್ಪಾಡೂ ಈ ಕಾರ್ಡಿನಲ್ಲಿಯೇ ಉಂಟು. ಬಡ್ಡಿ ಕಾಣುವುದರಿಂದ ಅದು ಕಹಿಯಾಗಿ ತೋರಬಹುದು. ಆದರೆ ಕಾಣುವ ಬಡ್ಡಿಗಿಂತ ಕಾಣದ ಬಡ್ಡಿಯೇ ಹೆಚ್ಚು ಅಪಾಯಕರ.

ಸಾಲಕ್ಕೆ ಕೈಯೊಡ್ಡುವ ಮೊದಲು ವೈದ್ಯರೊಡನೆ ಸಂಕೋಚವಿಲ್ಲದೆ ಮಾತನಾಡುವುದೂ ಅವಶ್ಯಕ. ಖರ್ಚಿನ ಅಂದಾಜನ್ನು ಬರೆಹದಲ್ಲಿ ಕೇಳಬಹುದು. ಯಾವ ಪರೀಕ್ಷೆ ಈಗಲೇ ಆಗಬೇಕು, ಯಾವುದು ಕಾಯಬಹುದು, ಇದಕ್ಕಿಂತ ಸರಳವಾದ ಚಿಕಿತ್ಸೆಯುಂಟೆ ಎಂದು ವಿಚಾರಿಸಬಹುದು. ಹೀಗೆ ಕೇಳುವುದರಿಂದ ಪ್ರಾಣಿಯ ಮೇಲಿನ ಪ್ರೀತಿಗೆ ಕುಂದಿಲ್ಲ. ಕೆಲವು ವೈದ್ಯರು ತಾವೇ ಕಂತಿನಲ್ಲಿ ಹಣ ತೆಗೆದುಕೊಳ್ಳಲು ಒಪ್ಪುವುದೂ ಉಂಟು. ಸಹಕಾರ ತತ್ತ್ವದ ಮೇಲೆ ನಡೆಯುವ ಕ್ರೆಡಿಟ್ ಯೂನಿಯನ್ನುಗಳಲ್ಲಿ ಕಡಿಮೆ ಬಡ್ಡಿಗೆ ಕೈಸಾಲ ದೊರೆಯಬಹುದು.

ಪ್ರಾಣಿಗಳ ವಿಮೆಯೂ ಅಲ್ಲಿ ಪ್ರಚಾರದಲ್ಲಿದೆ. ಅಮೆರಿಕಾದಲ್ಲಿ ಅಂಥ ಮೊದಲ ವಿಮಾಪತ್ರವನ್ನು 1982ರಲ್ಲಿ, ಚಿತ್ರಗಳಲ್ಲಿ ನಟಿಸಿ ಹೆಸರಾದ ಲ್ಯಾಸಿ ಎಂಬ ನಾಯಿಗೆ ಬರೆದುಕೊಟ್ಟರು. ಆದರೆ ಸಾಮಾನ್ಯವಾಗಿ ಒಡೆಯನು ಮೊದಲು ವೈದ್ಯನಿಗೆ ಹಣ ಕೊಟ್ಟು, ಅನಂತರ ವಿಮೆಯವರಿಂದ ಪಡೆಯಬೇಕು. ಹಿಂದೆಯೇ ಇದ್ದ ಕಾಯಿಲೆಗೆ ವಿಮೆ ಸಲ್ಲದು. ಆದುದರಿಂದ ಪ್ರಾಣಿಯು ಮರಿಯಾಗಿರುವಾಗಲೇ ವಿಮೆಯನ್ನು ಮಾಡಿಸಬೇಕಲ್ಲದೆ, ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೆ ಫಲವಿಲ್ಲ. ಎಲ್ಲಕ್ಕಿಂತ ಹಳೆಯ ಉಪಾಯವೆಂದರೆ ತಿಂಗಳಿಗೆ ಇಷ್ಟೆಂದು ಪ್ರಾಣಿಯ ಹೆಸರಿನಲ್ಲಿ ಬೇರೆ ಕೂಡಿಡುವುದು. ಹನಿಗೂಡಿದರೆ ಹಳ್ಳವೆಂಬ ಗಾದೆಯು ಡಾಲರಿಗೂ ಸಲ್ಲುತ್ತದೆ.

ಇನ್ನು ನಮ್ಮ ಸ್ನೇಹಿತರ ಮಕ್ಕಳ ಸಂಗತಿ. ಅವರೂ ತಿಂಗಳಿಗೆ 190ರಂತೆಯೇ ಕಟ್ಟುತ್ತಿದ್ದರು. ಒಂಬತ್ತನೆಯ ಕಂತನ್ನು ಕಟ್ಟಿದ ರಾತ್ರಿ ಸೊಸೆಯು ಮನೆಯ ಲೆಕ್ಕ ಬರೆಯುತ್ತ ಕುಳಿತಿದ್ದಳು. “ಅಲ್ಲಾ ರೀ, ಹೀಗೆಯೇ ಹೋದರೆ ಕೊನೆಗೆ ನೂರಿಪ್ಪತ್ತು ಉಳಿಯುವುದಲ್ಲ?” ಎಂದಳು. “ಉಳಿದರೇನಂತೆ? ಮುಂದಿನ ತಿಂಗಳು ಕೊಟ್ಟರಾಯಿತು” ಎಂದನು ಗಂಡ. “ಆ ಕಾಗದವನ್ನೊಮ್ಮೆ ಓದಿ ನೋಡಿ” ಎಂದು ಅವಳು ಷರತ್ತಿನ ಪತ್ರವನ್ನು ಮುಂದಿಟ್ಟಳು. ಇಬ್ಬರೂ ಕೂತು ಓದಿದರು. ಆ ವೇಳೆಗೆ ಕೊಟ್ಟುದು 1,710, ಉಳಿದುದು 690. ಮುಂದಿನ ಮೂರು ತಿಂಗಳೂ ಹೋಟೆಲಿನ ಊಟವನ್ನು ಬಿಟ್ಟು, 230ರಂತೆ ಕಟ್ಟಿ, ಗಡುವಿಗೆ ಹದಿನೈದು ದಿನ ಮುಂಚೆಯೇ ಸಾಲವನ್ನು ಹರಿದರು. ಬಡ್ಡಿ ಬೀಳಲಿಲ್ಲ.

ಈ ಸುದ್ದಿಯನ್ನು ಕೇಳಿದ ಅತ್ತೆಯು, “ನಾಯಿಯನ್ನು ಉಳಿಸಿದವರು ವೈದ್ಯರು, ಮನೆಯನ್ನು ಉಳಿಸಿದವಳು ನನ್ನ ಸೊಸೆ” ಎಂದು ನಮ್ಮೆದುರಿನಲ್ಲಿಯೇ ಹೇಳಿದರು. ಮೂಕಪ್ರಾಣಿಯನ್ನು ಮನೆಗೆ ತಂದವರು ಅದರ ಅನ್ನದ ಹೊಣೆಯ ಜೊತೆಗೆ ಔಷಧದ ಹೊಣೆಯನ್ನೂ ಹೊತ್ತವರೇ ಸರಿ. ಸಾಲ ಮಾಡಿಯಾದರೂ ಆ ಹೊಣೆಯನ್ನು ಸಲ್ಲಿಸುವುದು ಧರ್ಮವೆನ್ನುವವರೊಡನೆ ನಮಗೆ ವಾದವಿಲ್ಲ. ರುಜು ಹಾಕುವ ಮೊದಲು ಷರತ್ತಿನ ಪತ್ರವನ್ನು ಕೊನೆಯ ಸಾಲಿನವರೆಗೆ ಓದಿರೆಂಬುದಷ್ಟೇ ನಮ್ಮ ವಿಜ್ಞಾಪನೆ.