ಬಿಟ್ಟು ಹೋಗುವ ಹಕ್ಕಿನ ಬೆಲೆ

ಗಲ್ಫಿಗೆ ಹೋದ ನಿಮ್ಮ ತಮ್ಮನೋ ಭಾವನೋ ವರ್ಷಗಟ್ಟಲೆ ಒಂದೇ ಸಂಬಳಕ್ಕೆ ದುಡಿದದ್ದು ನೆನಪಿದೆಯೇ? ಕೆಲಸ ಗೊತ್ತಿಲ್ಲದೆ ಅಲ್ಲ, ಬಿಡಲಾಗದೆ. ಕಫಾಲ ಪದ್ಧತಿಯಲ್ಲಿ ಮಾಲೀಕನ ಎನ್‌ಒಸಿ ಇಲ್ಲದೆ ಬೇರೆ ಕಂಪನಿ ಸೇರುವುದು ಸುಲಭವಿರಲಿಲ್ಲ. ಎಲ್ಲಿಗೂ ಹೋಗಲಾಗದವನಿಗೆ ಸಂಬಳ ಏರಿಸುವವರು ಯಾರು?

2011ರಲ್ಲಿ ಯುಎಇ ಸರಕಾರ, ಕರಾರಿನ ಅವಧಿ ಮುಗಿದವರಿಗೆ ಈ ಎನ್‌ಒಸಿ ಬೇಡ ಎಂದಿತು. ಅಂಥವರ ಸಂಬಳ ಶೇ. 10ಕ್ಕೂ ಹೆಚ್ಚು ಏರಿತೆಂದು ಅರ್ಥಶಾಸ್ತ್ರಜ್ಞರ ಅಧ್ಯಯನ ಹೇಳುತ್ತದೆ. ಸೋಜಿಗವೆಂದರೆ, ಹಳೆಯ ಕಂಪನಿಯಲ್ಲೇ ಉಳಿದವರೂ ಹೆಚ್ಚಾದರು.

ಯಾಕೆ? ಹೊಸಬನನ್ನು ತರಲು ವೀಸಾ, ಟಿಕೆಟ್, ತರಬೇತಿ ಅಂತ ಖರ್ಚಿದೆ. ಇರುವವನು ಹೋಗಬಲ್ಲ ಎಂದಾಗಲೇ ಮಾಲೀಕನಿಗೆ ಆ ಖರ್ಚು ನೆನಪಾಗುವುದು.

ಹಾಗಾಗಿ ಏಜೆಂಟನ ಮುಂದೆ ಕೂತಾಗ ‘ಸಂಬಳ ಎಷ್ಟು?’ ಅಂತ ಮಾತ್ರ ಕೇಳಬೇಡಿ. ‘ಕೆಲಸ ಬದಲಿಸಲು ಬಿಡ್ತಾರಾ?’ ಅಂತಲೂ ಕೇಳಿ.